ಎಂಜಿನಿಯರಿಂಗ್ ಜೊತೆಗೆ ವ್ಯವಹಾರ ನಿರ್ವಹಣೆ: ಓದನ್ನು ಹೊಂದಿಸಿಕೊಳ್ಳುವ ಬಗೆ

ಎಂಜಿನಿಯರಿಂಗ್ ಓದುತ್ತಲೇ ವ್ಯವಹಾರ ನಿರ್ವಹಣೆಯನ್ನೂ ಕಲಿಯಬೇಕೆನ್ನುವ ವಿದ್ಯಾರ್ಥಿ, ತನಗೆ ಎರಡು ಪದವಿಗಳು ಬೇಕೋ ಅಥವಾ ಒಂದು ಪದವಿಯ ಜೊತೆಗೆ ಮೈನರ್ (ಅದೇ ಪದವಿಯೊಳಗೆ ಇನ್ನೊಂದು ವಿಷಯದ ಕೆಲವೇ ಪಾಠಗಳನ್ನು ಓದುವುದು) ಸಾಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಈ ಜೋಡಣೆ ಹೊಸದೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 1914ರಷ್ಟು ಹಿಂದೆಯೇ 'ಎಂಜಿನಿಯರಿಂಗ್ ಆಡಳಿತ' ಎಂಬ ಪಠ್ಯಕ್ರಮವನ್ನು ಆರಂಭಿಸಿತ್ತು, ಅದರಿಂದಲೇ ಮುಂದೆ ಅಲ್ಲಿನ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆ ಬೆಳೆಯಿತು. ಎರಡು ಪದವಿಗಳೆಂದರೆ ಹಲವು ಕಡೆ ಹೆಚ್ಚಿನ ಸೆಮಿಸ್ಟರ್‌ಗಳು, ಹೆಚ್ಚಿನ ಶುಲ್ಕ. ಬಹುಪಾಲು ವಿದ್ಯಾರ್ಥಿಗಳಿಗೆ ಮೈನರ್ ಸಾಕೆಂಬುದು ನನ್ನ ಅಭಿಪ್ರಾಯ.

ವೇಳಾಪಟ್ಟಿಯನ್ನು ಎಂಜಿನಿಯರಿಂಗ್ ಕಡೆಯಿಂದಲೇ ಹಾಕಿಕೊಳ್ಳಬೇಕು. ಕಲನಶಾಸ್ತ್ರ ಮುಗಿಯದೆ ಅವಕಲ ಸಮೀಕರಣಗಳಿಲ್ಲ, ಅವು ಮುಗಿಯದೆ ನಿಯಂತ್ರಣ ವ್ಯವಸ್ಥೆಗಳಿಲ್ಲ. ಹೀಗೆ ಒಂದನ್ನೊಂದು ಅವಲಂಬಿಸಿದ ವಿಷಯಗಳಲ್ಲಿ ಕೆಲವನ್ನು ವರ್ಷಕ್ಕೆ ಒಮ್ಮೆ ಮಾತ್ರ ಕಲಿಸುವುದರಿಂದ, ಒಂದು ತಪ್ಪಿದರೂ ಇಡೀ ವರ್ಷ ಹಿಂದೆ ಬೀಳಬಹುದು. ವ್ಯವಹಾರದ ವಿಷಯಗಳನ್ನು ಹಿಂದೆ ಮುಂದೆ ಸರಿಸಿಕೊಳ್ಳುವುದು ಇಷ್ಟು ಕಷ್ಟವಲ್ಲ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳಂತಹ ವಿಷಯಗಳ ಕ್ರೆಡಿಟ್ ಎರಡೂ ಕಡೆ ಸಲ್ಲುತ್ತದೆಯೇ ಎಂಬುದನ್ನು ಎರಡೂ ವಿಭಾಗಗಳಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆದಿಟ್ಟುಕೊಳ್ಳಿ.

ವ್ಯವಹಾರದ ವಿಷಯಗಳಲ್ಲಿ ಲೆಕ್ಕಪತ್ರಶಾಸ್ತ್ರವನ್ನೇ ಮೊದಲು ಆರಿಸಿಕೊಳ್ಳುವುದು ಮೇಲು, ಅದರ ನಂತರ ಹಣಕಾಸು. ಮಾರ್ಕೆಟಿಂಗ್, ನಾಯಕತ್ವ ಮುಂತಾದವು ಕಾಯಬಹುದು. ಇದಕ್ಕೆ ಕಾರಣವನ್ನು ಒಂದು ಲೆಕ್ಕದಲ್ಲಿ ನೋಡೋಣ. 10 ಲಕ್ಷ ಬೆಲೆಯ ಯಂತ್ರವೊಂದು ಐದು ವರ್ಷಗಳ ಕಾಲ ಪ್ರತಿ ವರ್ಷದ ಕೊನೆಗೆ 3 ಲಕ್ಷ ಉಳಿಸಿಕೊಡುತ್ತದೆ ಎಂದುಕೊಳ್ಳಿ. ಬರೀ ಕೂಡಿದರೆ 15 ಲಕ್ಷ, ಅಂದರೆ ಲಾಭವೇ. ಆದರೆ ಮುಂದೆ ಬರುವ ಹಣವನ್ನು ಶೇ 10ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಉಳಿತಾಯ ಸುಮಾರು 11.37 ಲಕ್ಷಕ್ಕೆ ಬರುತ್ತದೆ. ಶೇ 16ರ ದರದಲ್ಲಿ ಅದು ಸುಮಾರು 9.82 ಲಕ್ಷವಾಗಿ, ಯಂತ್ರ ಕೊಳ್ಳುವುದೇ ನಷ್ಟವಾಗುತ್ತದೆ. ಯಂತ್ರದ ದಕ್ಷತೆ ಎಳ್ಳಷ್ಟೂ ಬದಲಾಗಿಲ್ಲ, ಬದಲಾದದ್ದು ಬಂಡವಾಳದ ವೆಚ್ಚ ಮಾತ್ರ, ಅಂದರೆ ಹಾಕಿದ ಹಣಕ್ಕೆ ತೆರಬೇಕಾದ ಆ ಶೇಕಡಾ ದರ. ಎರಡೂ ಶಾಸ್ತ್ರಗಳನ್ನು ಬಲ್ಲವನು ವಿನ್ಯಾಸದ ಹಂತದಲ್ಲಿಯೇ ಈ ಪ್ರಶ್ನೆಯನ್ನು ಎತ್ತಬಲ್ಲ.

ಪ್ರಯೋಗಾಲಯದ ತರಗತಿಗಳು ಹೆಚ್ಚಿರುವ ಸೆಮಿಸ್ಟರ್‌ನಲ್ಲಿ ಗುಂಪು ವರದಿಗಳನ್ನು ಬೇಡುವ ನಿರ್ವಹಣಾ ವಿಷಯವನ್ನು ತೆಗೆದುಕೊಳ್ಳಬೇಡಿ. ಎರಡಕ್ಕೂ ಸಂಜೆಗಳೇ ಬೇಕಾಗುತ್ತವೆ.

ಕೊನೆಯ ವರ್ಷದ ಪ್ರಾಜೆಕ್ಟ್ ಈ ಎರಡು ಓದುಗಳು ನಿಜವಾಗಿ ಕೂಡುವ ಜಾಗ. ಮಾದರಿಯನ್ನು ತಯಾರಿಸಿ ಕೈಬಿಡದೆ, ಬಿಡಿಭಾಗಗಳ ಬೆಲೆಪಟ್ಟಿ, ಸ್ಥಿರ ಮತ್ತು ಬದಲಾಗುವ ವೆಚ್ಚಗಳು, ಎಷ್ಟು ಮಾರಾಟವಾದರೆ ಹಾಕಿದ ಹಣ ಹಿಂದಿರುಗುತ್ತದೆ ಎಂಬ ಲೆಕ್ಕ, ಇಷ್ಟನ್ನು ವರದಿಯ ಒಂದು ಅಧ್ಯಾಯವಾಗಿ ಸೇರಿಸಿ. ಇದಕ್ಕೆ ನಿರ್ವಹಣಾ ವಿಭಾಗದ ಅಧ್ಯಾಪಕರೊಬ್ಬರನ್ನು ಸಹಮಾರ್ಗದರ್ಶಕರಾಗಿ ಕೇಳಿಕೊಳ್ಳುವುದಾದರೆ, ವಿಷಯದ ಆಯ್ಕೆ ಅಂತಿಮವಾಗುವ ಮೊದಲೇ ಕೇಳಬೇಕು.