ಹೆಗಲ ಮೇಲೆ ಸಪ್ಪಳದ ಮೀಟರ್: ಕಟ್ಟುವುದು ಹೇಗೆ, ಓದುವುದು ಹೇಗೆ

"ಇದರಾಗ ನಾವು ಮಾತಾಡಿದ್ದೆಲ್ಲಾ ರೆಕಾರ್ಡ್ ಆಗತೈತೇನ್ರೀ ಸರ್?"

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ, ಐವತ್ತು ದಾಟಿದ ಕೆಲಸಗಾರರೊಬ್ಬರ ಹೆಗಲಿಗೆ ಮೀಟರ್ ಕಟ್ಟುತ್ತಿದ್ದಾಗ ಅವರು ಕೇಳಿದ ಪ್ರಶ್ನೆ ಇದು. "ಇಲ್ರೀ ಕಾಕಾ, ಸಪ್ಪಳ ಎಷ್ಟೈತಿ ಅನ್ನೋದನ್ನಷ್ಟ ಲೆಕ್ಕ ಇಡತೈತಿ" ಎಂದೆ. ಅವರು ತಲೆಯಾಡಿಸಿ ಗ್ರೈಂಡರ್ ಕೈಗೆತ್ತಿಕೊಂಡರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಮೀಟರ್ ಹೆಗಲ ಮೇಲಿಲ್ಲ, ಗೋಡೆಯ ಮೊಳೆಗೆ ನೇತಾಡುತ್ತಿದೆ. ಅದು ಅವರ ತಪ್ಪಲ್ಲ. ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದು ನನ್ನ ತಪ್ಪು. ಆ ದಿನದ ಅಳತೆ ಪೂರ್ತಿ ಹಾಳಾಯಿತು.

ಈ ಸಾಧನದ ಹೆಸರು ನಾಯ್ಸ್ ಡೋಸಿಮೀಟರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತಲೆಗೊಂದು ಸಣ್ಣ ಮೈಕ್. ಕೈಯಲ್ಲಿ ಹಿಡಿಯುವ ಸೌಂಡ್ ಲೆವೆಲ್ ಮೀಟರ್‌ಗೂ ಇದಕ್ಕೂ ವ್ಯತ್ಯಾಸವಿದೆ. ಮಳೆ ಈಗ ಎಷ್ಟು ಜೋರಾಗಿದೆ ಎನ್ನುವುದು ಒಂದು ಮಾತು, ಬೆಳಿಗ್ಗೆಯಿಂದ ಸಂಜೆಯ ತನಕ ನೀವೆಷ್ಟು ತೊಯ್ದಿರಿ ಎನ್ನುವುದು ಇನ್ನೊಂದು. ಡೋಸಿಮೀಟರ್ ಅಳೆಯುವುದು ಎರಡನೆಯದನ್ನು. ಅದು ಮಷಿನ್ನಿನ ಸಪ್ಪಳ ಅಳೆಯುವುದಿಲ್ಲ, ಒಬ್ಬ ಮನುಷ್ಯನ ಕಿವಿಗೆ ಬಿದ್ದ ದಿನವನ್ನು ಅಳೆಯುತ್ತದೆ. ಹಾಗಾಗಿ ಆ ಮನುಷ್ಯ ಮನಸ್ಸಿಟ್ಟು ಕಟ್ಟಿಕೊಳ್ಳದಿದ್ದರೆ ಎಷ್ಟು ದುಬಾರಿ ಮೀಟರ್ ತಂದರೂ ಉಪಯೋಗವಿಲ್ಲ.

ಯಾರಿಗೆ ಕಟ್ಟಬೇಕು?

ಮೂರು ಅಡಿ ದೂರದಲ್ಲಿ ನಿಂತವರ ಜತೆ ದನಿ ಏರಿಸಿ ಮಾತಾಡಬೇಕಾದರೆ ಅಲ್ಲಿ ಸಪ್ಪಳ ಸುಮಾರು 85 ಡೆಸಿಬೆಲ್ ಮುಟ್ಟಿರುತ್ತದೆ. ಇಂಥ ಜಾಗಗಳನ್ನು ಮೊದಲು ಗುರುತು ಮಾಡಿಕೊಳ್ಳಿ. ಬೆಟಗೇರಿಯ ವಿದ್ಯುತ್ ಮಗ್ಗ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್, ತಾರಿಹಾಳದ ಶೀಟ್ ಕೆಲಸದ ಶೆಡ್, ಬ್ಯಾಡಗಿಯ ಖಾರದ ಪುಡಿ ಗಿರಣಿ, ಎಲ್ಲೇ ಆಗಲಿ, ಪರೀಕ್ಷೆ ಇದೇ. ಮೊಬೈಲ್ ಆ್ಯಪ್ ಅಂದಾಜಿಗೆ ಸರಿ, ದಾಖಲೆಗೆ ಸಾಲದು.

ಒಂದೇ ಕೆಲಸ ಮಾಡುವವರು ಹತ್ತು ಜನ ಇದ್ದರೆ ಎಲ್ಲರಿಗೂ ಕಟ್ಟಬೇಕಿಲ್ಲ. ಅವರಲ್ಲಿ ಮಷಿನ್ನಿಗೆ ಅತಿ ಹತ್ತಿರ ನಿಲ್ಲುವವರನ್ನು ಬಿಡಬೇಡಿ. ಮತ್ತೆ, ಸೀಜನ್‌ನಲ್ಲೇ ಅಳೆಯಿರಿ. ಹತ್ತಿ ಬಾರದ ತಿಂಗಳಲ್ಲಿ ಎರಡು ಜಿನ್ ತಿರುಗಿಸಿ ಅಳೆದರೆ ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಕಡಿಮೆಯಾದ ಮೇಲೆ ಗಿರಣಿಗೆ ಹೋದರೂ ಅಷ್ಟೇ.

ಕಟ್ಟುವ ಮೊದಲು ಕುಳಿತು ಮಾತಾಡಿ

ಶಿಫ್ಟ್ ಶುರುವಾಗುವ ಹದಿನೈದು ನಿಮಿಷ ಮೊದಲು, ಮಷಿನ್ ಬಂದ್ ಇರುವಾಗ, ಮೀಟರ್ ಅವರ ಕೈಗೇ ಕೊಡಿ. ತಿರುಗಿಸಿ ನೋಡಲಿ. ರೆಕಾರ್ಡಿಂಗ್ ಬಗ್ಗೆ ಸುಳ್ಳು ಹೇಳಬೇಡಿ. ಕೆಲವು ಮಾದರಿಗಳಲ್ಲಿ ಧ್ವನಿ ಮುದ್ರಿಸುವ ಸೌಲಭ್ಯ ನಿಜವಾಗಿಯೂ ಇರುತ್ತದೆ. ಇದ್ದರೆ ಅವರ ಕಣ್ಣೆದುರೇ ಬಂದ್ ಮಾಡಿ ತೋರಿಸಿ. ಇದರಿಂದ ಕೆಲಸ ಹೋಗುವುದಿಲ್ಲ, ಪಗಾರ ಕಡಿತವಾಗುವುದಿಲ್ಲ ಎಂದು ಮಾಲೀಕರೇ ಎದುರು ನಿಂತು ಹೇಳಿದರೆ ಇನ್ನೂ ಒಳ್ಳೆಯದು.

ಆಮೇಲೆ ನಾಲ್ಕು ಮಾತು ಹೇಳಿ. ದಿನದಂತೆ ಕೆಲಸ ಮಾಡಿ, ಮೀಟರ್ ಇದೆ ಅಂತ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಮೈಕ್ ಮೇಲೆ ಅಂಗಿ, ಟವೆಲ್ ಮುಚ್ಚಬೇಡಿ. ಅದನ್ನು ತಟ್ಟಬೇಡಿ, ಅದರೊಳಗೆ ಊದಬೇಡಿ, ಕೂಗಬೇಡಿ. ಏನಾದರೂ ತೊಂದರೆಯಾದರೆ ಮೊದಲು ಮಷಿನ್ ನಿಲ್ಲಿಸಿ, ಆಮೇಲೆ ಮೀಟರ್ ಮುಟ್ಟಿ. ಈ ಕೊನೆಯ ಮಾತನ್ನು ನಾನು ಎರಡು ಸಲ ಹೇಳುತ್ತೇನೆ.

ಮೀಟರ್‌ನಿಂದಲೇ ಅಪಾಯ ಆಗಬಾರದು

ಹಳೆಯ ಮಾದರಿಗಳಲ್ಲಿ ಪೆಟ್ಟಿಗೆ ಸೊಂಟದ ಬೆಲ್ಟಿಗೆ, ಮೈಕ್ ಹೆಗಲಿಗೆ, ನಡುವೆ ಉದ್ದದ ವೈರ್. ಲೇತ್‌ನ ಚಕ್‌ಗೆ, ಜಿನ್ನಿನ ರೋಲರ್‌ಗೆ, ತಿರುಗುವ ಶಾಫ್ಟ್‌ಗೆ ಆ ವೈರ್ ಸಿಕ್ಕರೆ ಮನುಷ್ಯನೂ ಅದರ ಜತೆ ಹೋಗುತ್ತಾನೆ. ವೈರ್ ಇರುವ ಮೀಟರ್ ಆದರೆ ಅಂಗಿಯ ಒಳಗಿಂದ, ಬೆನ್ನ ಕಡೆಯಿಂದ ಎಳೆದು ಟೇಪ್ ಹಚ್ಚಿ. ಒಂದು ಬೆರಳು ಹೋಗುವಷ್ಟು ಸಡಿಲವೂ ಹೊರಗೆ ಉಳಿಯಬಾರದು. ತಿರುಗುವ ಭಾಗಕ್ಕೆ ಬಗ್ಗಿ ಕೆಲಸ ಮಾಡುವವರಿಗೆ ವೈರ್ ಇಲ್ಲದ, ಹೆಗಲ ಮೇಲೆಯೇ ಕೂರುವ ಮಾದರಿಯೇ ಬೇಕು. ಅದು ಇಲ್ಲದಿದ್ದರೆ ಆ ದಿನ ಅವರಿಗೆ ಕಟ್ಟಲೇಬೇಡಿ.

ಎರಡನೆಯದು ಕಿಡಿ. ಥಿನ್ನರ್, ಪೇಂಟ್ ಸ್ಪ್ರೇ, ಗ್ಯಾಸ್ ತುಂಬುವ ಜಾಗ, ಹೊತ್ತಿಕೊಳ್ಳುವ ಧೂಳು ಗಾಳಿಯಲ್ಲಿ ತುಂಬುವ ಜಾಗಗಳಲ್ಲಿ ಸಾದಾ ಮೀಟರ್ ಒಯ್ಯಬಾರದು. 'ಇಂಟ್ರಿನ್ಸಿಕಲಿ ಸೇಫ್' (ಬೆಂಕಿ ಹೊತ್ತಿಸುವಷ್ಟು ಕಿಡಿ ಹುಟ್ಟಿಸದ್ದು) ಎಂದು ಪ್ರಮಾಣಪತ್ರ ಇರುವ ಮಾದರಿ ಬೇರೆಯೇ ಸಿಗುತ್ತದೆ. ಆ ಗುರುತು ಮೀಟರ್ ಮೈಮೇಲೆ ಇರಬೇಕು. ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬ್ಯಾಟರಿ ಚಾರ್ಜ್ ಮಾಡುವುದು ಆಫೀಸಿನಲ್ಲೇ, ಶಾಪ್ ಫ್ಲೋರಿನಲ್ಲಿ ಅಲ್ಲ. ಕುಲುಮೆ ಹತ್ತಿರ ಕೆಲಸವಿದ್ದರೆ ಮೀಟರ್ ಎಷ್ಟು ಬಿಸಿ ತಡೆಯುತ್ತದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಅಳೆಯಲು ಬಂದವರೂ ಕಿವಿಗೆ ಪ್ಲಗ್ ಹಾಕಿಯೇ ಒಳಗೆ ಕಾಲಿಡಬೇಕು. "ಐದೇ ನಿಮಿಷ ಅಲ್ವಾ" ಅನ್ನುವ ಮಾತು ಬೇಡ.

ತೂಕ ಹಾಕುವ ಮೊದಲು ತಕ್ಕಡಿ ನೋಡಿದ ಹಾಗೆ

ಕ್ಯಾಲಿಬ್ರೇಟರ್ ಎಂಬ ಚಿಕ್ಕ ಡಬ್ಬಿ ಮೀಟರ್ ಜತೆ ಬರುತ್ತದೆ. ಅದನ್ನು ಮೈಕ್‌ಗೆ ತೊಡಿಸಿದರೆ ಒಂದೇ ಸಮನಾದ ನಾದ ಹೊರಡುತ್ತದೆ. ಸಾಮಾನ್ಯವಾಗಿ 1000 ಹರ್ಟ್ಸ್, 114 ಡೆಸಿಬೆಲ್ (ಕೆಲವದರಲ್ಲಿ 94). ಮೀಟರ್ ಅಷ್ಟೇ ತೋರಿಸಬೇಕು, ಇಲ್ಲದಿದ್ದರೆ ಸರಿಮಾಡಿ. ಇದನ್ನು ಶಾಂತವಾದ ಕೋಣೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಮೀಟರ್ ಬಿಚ್ಚಿದ ಮೇಲೆ ಇನ್ನೊಮ್ಮೆ ಮಾಡಿ. ಎರಡರ ನಡುವೆ ಅರ್ಧ ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ದಿನದ ಅಳತೆ ಬಿಟ್ಟು, ಇನ್ನೊಂದು ದಿನ ಹೊಸದಾಗಿ ಅಳೆಯಿರಿ.

ಈಗ ಸೆಟ್ಟಿಂಗ್. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕೆಂದರೆ ಎಷ್ಟೋ ವರದಿಗಳು ಸುಳ್ಳಾಗುವುದು ಇಲ್ಲೇ.

ನಮ್ಮ ಕಾರ್ಖಾನೆ ನಿಯಮಗಳು ಪಾಲಿಸುತ್ತ ಬಂದ ಮಿತಿ ಹೀಗಿದೆ: 90 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ, 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ, 105ಕ್ಕೆ 1 ಗಂಟೆ, 110ಕ್ಕೆ ಅರ್ಧ ಗಂಟೆ, 115ಕ್ಕೆ ಕಾಲು ಗಂಟೆ. ಅದಕ್ಕಿಂತ ಮೇಲೆ ಒಂದು ಗಳಿಗೆಯೂ ಇಲ್ಲ. ಅಂದರೆ 5 ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧವಾಗುತ್ತದೆ. ಮೀಟರ್‌ನಲ್ಲಿ ಕ್ರೈಟೀರಿಯನ್ ಲೆವೆಲ್ (8 ಗಂಟೆಯ ಮಿತಿ) 90, ಎಕ್ಸ್‌ಚೇಂಜ್ ರೇಟ್ (ಸಮಯ ಅರ್ಧವಾಗುವ ಏರಿಕೆ) 5, ವೇಟಿಂಗ್ 'ಎ' (ಮನುಷ್ಯನ ಕಿವಿ ಕೇಳುವ ರೀತಿಗೆ ಹೊಂದುವ ಅಳತೆ), ರೆಸ್ಪಾನ್ಸ್ 'ಸ್ಲೋ' (ಏರಿಳಿತವನ್ನು ನಿಧಾನವಾಗಿ ಹಿಡಿಯುವುದು) ಎಂದು ಇಡುವುದು ಇದೇ ಲೆಕ್ಕಕ್ಕೆ.

ಥ್ರೆಶೋಲ್ಡ್ ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಯಾವ ಮಟ್ಟದಿಂದ ಮೇಲಿನ ಸಪ್ಪಳವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಅದು ಹೇಳುತ್ತದೆ. ಅದನ್ನು 90 ಇಟ್ಟರೆ, ಇಡೀ 8 ಗಂಟೆ 88 ಡೆಸಿಬೆಲ್‌ನಲ್ಲಿ ನಿಂತ ಕೆಲಸಗಾರನ ಡೋಸ್ (ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಸಪ್ಪಳ ಕಿವಿಗೆ ಬಿತ್ತು ಎಂಬ ಲೆಕ್ಕ) ಸೊನ್ನೆ ಎಂದು ಬರುತ್ತದೆ. 80 ಇಟ್ಟರೆ ಅದೇ ಮನುಷ್ಯನ ಡೋಸ್ ಸುಮಾರು ಶೇ 76. ಮನುಷ್ಯ ಅವನೇ, ಕಿವಿಯೂ ಅವೇ. ದಯವಿಟ್ಟು 80 ಇಡಿ, ವರದಿಯಲ್ಲಿ ಅದನ್ನು ಬರೆಯಿರಿ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ: 8 ಗಂಟೆಗೆ 85, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. ಅದರ ಪ್ರಕಾರ 100 ಡೆಸಿಬೆಲ್‌ನಲ್ಲಿ ಕಾಲು ಗಂಟೆಗಿಂತ ಜಾಸ್ತಿ ಇರಬಾರದು. ಈಗಿನ ಬಹಳಷ್ಟು ಮೀಟರ್‌ಗಳು ಎರಡೂ ಲೆಕ್ಕವನ್ನು ಒಟ್ಟಿಗೆ ಇಡುತ್ತವೆ. ಕಿವಿ ಉಳಿಯಬೇಕಾದರೆ ಎರಡನೆಯದನ್ನೂ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಎಂದು ಹೇಳುತ್ತೇನೆ. ನಮ್ಮಪ್ಪ ಇಪ್ಪತ್ತಾರು ವರ್ಷ ಹತ್ತಿ ಜಿನ್ನಿನಲ್ಲಿ ದುಡಿದವರು. ಅವರ ಕಿವಿ ಪೂರ್ತಿ ಮುಚ್ಚಿಲ್ಲ. ಮೊಮ್ಮಗಳು ಶಾಲೆಯಿಂದ ಬಂದು ಏನೋ ಹೇಳುತ್ತಾಳೆ, ಅವರು ನನ್ನ ಮುಖ ನೋಡುತ್ತಾರೆ. "ದನಿ ಕೇಳಸ್ತೈತಿ, ಮಾತು ತಿಳಿಯಂಗಿಲ್ಲೋ" ಎನ್ನುತ್ತಾರೆ. ಸಪ್ಪಳ ಕಿವಿಯನ್ನು ತಿನ್ನುವ ರೀತಿಯೇ ಹಾಗೆ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕಂಪನ ಹಿಡಿಯುವ ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು. ಸ, ಶ, ಚದಂಥ ಅಕ್ಷರಗಳು, ಮಕ್ಕಳ ತೆಳು ದನಿ ಮಸುಕಾಗುತ್ತವೆ. ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ನೋವೂ ಆಗದ ಕಾರಣ ಹತ್ತು ವರ್ಷ ಕಳೆದರೂ ಗೊತ್ತಾಗುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ಸಪ್ಪಳದ ಕಿವುಡನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ನೆ ಅಲ್ಲ.

ಹೆಗಲ ಮೇಲೆ ಎಲ್ಲಿ?

ಹೆಗಲ ನೆತ್ತಿಯ ಮೇಲೆ, ಕಿವಿಯಿಂದ ಸುಮಾರು ನಾಲ್ಕು ಇಂಚು ದೂರ. ಮೈಕ್ ಮೇಲ್ಮುಖವಾಗಿರಬೇಕು. ಯಾವ ಕಿವಿ ಮಷಿನ್ನಿನ ಕಡೆ ಇರುತ್ತದೋ ಆ ಹೆಗಲು. ಎದೆಯ ಜೇಬಿನಲ್ಲಿ ಬೇಡ, ಕಾಲರ್ ಕೆಳಗೆ ಬೇಡ. ಬೆಟಗೇರಿಯ ಒಬ್ಬ ಮಗ್ಗದವರು ಎಣ್ಣೆ ಸಿಡಿಯುತ್ತದೆ ಎಂದು ಅಕ್ಕರೆಯಿಂದ ಮೈಕ್‌ಗೆ ಕರವಸ್ತ್ರ ಸುತ್ತಿದ್ದರು. ಪಕ್ಕದ ಮಗ್ಗದವರಿಗಿಂತ ಅವರ ಅಂಕಿ ಎಷ್ಟೋ ಕೆಳಗೆ ಬಂದಾಗಲೇ ನಮಗೆ ಅನುಮಾನ ಹುಟ್ಟಿದ್ದು. ಮೈಕ್ ಮೇಲಿನ ಸ್ಪಂಜಿನ ಟೋಪಿ ಅಲ್ಲೇ ಇರಲಿ, ಗಾಳಿಯ ಸದ್ದನ್ನೂ ತರಚುವುದನ್ನೂ ಅದು ತಡೆಯುತ್ತದೆ. ಜಿನ್ನಿನಲ್ಲಿ ಅದಕ್ಕೆ ಹತ್ತಿಯ ಎಳೆ ಮೆತ್ತಿಕೊಳ್ಳುತ್ತದೆ, ಗಿರಣಿಯಲ್ಲಿ ಖಾರದ ಧೂಳು. ಒಂದೆರಡು ಟೋಪಿ ಹೆಚ್ಚಿಗೆ ಇಟ್ಟುಕೊಂಡಿರಿ.

ಚಾಲೂ ಮಾಡಿದ ಮೇಲೆ ಮೀಟರ್‌ನ ಗುಂಡಿಗಳನ್ನು ಲಾಕ್ ಮಾಡಿ, ಬೆರಳು ತಾಗಿ ಅದು ನಿಲ್ಲಬಾರದು.

ಪೆನ್ನು, ಹಾಳೆ

ಮೀಟರ್ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದಕ್ಕೆ ನೀವು ಶಿಫ್ಟ್ ಪೂರ್ತಿ ಅಲ್ಲೇ ಇರಬೇಕು. ಎಷ್ಟು ಗಂಟೆಗೆ ಯಾವ ಕೆಲಸ, ಯಾವಾಗ ಚಹಾ, ಯಾವಾಗ ಊಟ, ಕರೆಂಟ್ ಹೋಗಿ ಜನರೇಟರ್ ಚಾಲೂ ಆದದ್ದು ಯಾವಾಗ, ಪಕ್ಕದ ಶೆಡ್‌ನವರು ಸುತ್ತಿಗೆ ಹೊಡೆದದ್ದು ಯಾವಾಗ, ಎಲ್ಲ ಬರೆಯಿರಿ. ಒಂದೆರಡು ಗಂಟೆಗೊಮ್ಮೆ ಹೋಗಿ ಮೈಕ್ ಜಾಗದಲ್ಲಿದೆಯೇ ನೋಡಿ. ಮಷಿನ್ ತಿರುಗುವಾಗ ಹಿಂದಿನಿಂದ ಹೋಗಿ ಹೆಗಲು ಮುಟ್ಟಬೇಡಿ. ಎದುರಿಗೆ ಬಂದು, ಕೈ ತೋರಿಸಿ, ಅವರು ನಿಲ್ಲಿಸಿದ ಮೇಲೆ ಹತ್ತಿರ ಹೋಗಿ.

ಸಂಜೆಯ ಅಂಕಿ

ಗೋಕುಲ ರಸ್ತೆಯ ಆ ಶೆಡ್‌ಗೆ ಎರಡನೇ ಸಲ ಹೋದಾಗ ಮೊದಲು ಚಹಾ ಕುಡಿದು, ಎಲ್ಲ ಬಿಡಿಸಿ ಹೇಳಿ, ಆಮೇಲೆ ಕಟ್ಟಿದೆವು. ಅವತ್ತಿನ ಲೆಕ್ಕವನ್ನು ದುಂಡಗೆ ಮಾಡಿ ಕೊಡುತ್ತೇನೆ. ಗ್ರೈಂಡಿಂಗ್ 1 ಗಂಟೆ, 100 ಡೆಸಿಬೆಲ್. ಮಿತಿ 2 ಗಂಟೆ, ಹಾಗಾಗಿ ಶೇ 50. ಕಟಿಂಗ್ 2 ಗಂಟೆ, 95 ಡೆಸಿಬೆಲ್. ಮಿತಿ 4 ಗಂಟೆ, ಶೇ 50. ಉಳಿದ ಜೋಡಣೆ ಕೆಲಸ 3 ಗಂಟೆ, 90 ಡೆಸಿಬೆಲ್. ಮಿತಿ 8 ಗಂಟೆ, ಶೇ 37.5. ಬಾಕಿ ಸಮಯ ಸಪ್ಪಳ 80ರ ಕೆಳಗೆ. ಒಟ್ಟು ಡೋಸ್ ಶೇ 137.5. ಇದು 8 ಗಂಟೆಯೂ ಸುಮಾರು 92 ಡೆಸಿಬೆಲ್‌ನಲ್ಲಿ ನಿಂತದ್ದಕ್ಕೆ ಸಮ.

ಶೇ 100 ದಾಟಿದರೆ ಮಿತಿ ಮೀರಿದೆ ಎಂದರ್ಥ. ಶೇ 50 ದಾಟಿದರೂ, ಅಂದರೆ 85 ಡೆಸಿಬೆಲ್‌ಗೆ ಸಮನಾದರೂ, ಕಿವಿ ಪರೀಕ್ಷೆ ಮತ್ತು ಪ್ಲಗ್ ಶುರು ಮಾಡಬೇಕು. ಪ್ಲಗ್ ಹಾಕಿದ್ದಾರೆ ಎಂದು ಮೀಟರ್ ಅಂಕಿ ಕಡಿಮೆಯಾಗುವುದಿಲ್ಲ, ಮೈಕ್ ಇರುವುದು ಹೊರಗೆ. ಪ್ಲಗ್ ಪ್ಯಾಕೆಟ್ ಮೇಲೆ ಸಪ್ಪಳ ತಗ್ಗಿಸುವ ಅಂಕಿ (ಎನ್‌ಆರ್‌ಆರ್) 29 ಡೆಸಿಬೆಲ್ ಎಂದು ಬರೆದಿದ್ದರೆ ಅಷ್ಟನ್ನೂ ಕಳೆಯಬೇಡಿ. 7 ಕಳೆದು ಅರ್ಧ ಮಾಡುವುದು ರೂಢಿ, ಅಂದರೆ 11. ಅದೂ ಸರಿಯಾಗಿ ಹಾಕಿಕೊಂಡರೆ ಮಾತ್ರ. ಸ್ಪಂಜಿನ ಪ್ಲಗ್ ಅನ್ನು ಬತ್ತಿಯ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ಸೇರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೈ ತೊಳೆದೇ ಹೊಸೆಯಬೇಕು. ಖಾರದ ಗಿರಣಿಯಲ್ಲಿ ಈ ಮಾತು ಮರೆತರೆ ಕಿವಿ ಉರಿದು, ಆ ಮನುಷ್ಯ ಮತ್ತೆಂದೂ ಪ್ಲಗ್ ಮುಟ್ಟುವುದಿಲ್ಲ.

ಕಿವಿ ಪರೀಕ್ಷೆಯನ್ನು ವಾರದ ರಜೆಯ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಇಳಿಯುವ ಮೊದಲು ಮಾಡಿಸಿ. ಸಪ್ಪಳದಿಂದ ದಣಿದ ಕಿವಿ ತಪ್ಪು ಉತ್ತರ ಕೊಡುತ್ತದೆ. ಧಾರವಾಡದ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ, ಇಲ್ಲವೇ ಆಡಿಯಾಲಜಿಸ್ಟ್ ಇರುವ ಆಸ್ಪತ್ರೆಯಲ್ಲಿ ಮಾಡಿಸಬಹುದು.

ಅಂಕಿ ಕೈಗೆ ಬಂದ ಮೇಲೆ ಮೊದಲು ಹೋಗಬೇಕಾದದ್ದು ಮಷಿನ್ ಹತ್ತಿರ, ಪ್ಲಗ್ ಡಬ್ಬಿಯ ಹತ್ತಿರ ಅಲ್ಲ. ಆ ಶೆಡ್‌ನಲ್ಲಿ ಕಬ್ಬಿಣದ ಶೀಟನ್ನು ಬರೀ ಟೇಬಲ್ ಮೇಲಿಟ್ಟು ಉಜ್ಜುತ್ತಿದ್ದರು, ಶೀಟು ಗಂಟೆಯ ಹಾಗೆ ಮೊಳಗುತ್ತಿತ್ತು. ಕೆಳಗೆ ದಪ್ಪ ರಬ್ಬರ್ ಹಾಸಿ, ನಾಲ್ಕೂ ಕಡೆ ಕ್ಲ್ಯಾಂಪ್ ಬಿಗಿದರು. ಕಟಿಂಗ್ ಮಷಿನ್ ಕೊನೆಯ ಮೂಲೆಗೆ ಹೋಯಿತು. ಅದರ ಕೆಲಸವನ್ನು ಇಬ್ಬರು ಹಂಚಿಕೊಂಡರು, ಆ ಇನ್ನೊಬ್ಬರಿಗೂ ಮೀಟರ್ ಕಟ್ಟಿ ನೋಡಿದೆವು. ತಿಂಗಳ ನಂತರ ಕಾಕಾ ಅವರ ಡೋಸ್ ಶೇ 88, ಜತೆಗಾರರದ್ದು ಶೇ 71. ಎರಡೂ 100ರ ಕೆಳಗೆ, ಎರಡೂ 50ರ ಮೇಲೆ. ಹಾಗಾಗಿ ಪ್ಲಗ್ ನಿಂತಿಲ್ಲ, ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯೂ ನಡೆಯುತ್ತಿದೆ. ಹೊಸ ಮಷಿನ್ ಬಂದ ದಿನ ಮತ್ತೆ ಕರೆಯುತ್ತೇವೆ ಎಂದು ಮಾಲೀಕರು ಹೇಳಿದ್ದಾರೆ.