ಹಸಿರು ಮರವೆಲ್ಲ ಒಂದೇ ಅಲ್ಲ: ಅಮೆರಿಕದಲ್ಲಿ ಡೆಕ್ ಕಟ್ಟಲು ಹೊರಟ ಹೊಸಬರಿಗೆ

ಊರಲ್ಲಿ ಮರ ಆರಿಸುವುದು ಆಚಾರ್ರ ಕೆಲಸ. ತೇಗವೋ ಹೊನ್ನೆಯೋ ಮತ್ತಿಯೋ, ಅವರು ತಟ್ಟಿ ನೋಡಿ ‘ಇದು ಬೇಡ’ ಅಂದರೆ ಮುಗಿಯಿತು. ಇಲ್ಲಿ ಮನೆ ಕೊಂಡ ಮೊದಲ ಬೇಸಿಗೆಗೇ ಜಗಲಿಯ ಕೊರತೆ ಕಾಡತೊಡಗುತ್ತದೆ, ಹಿತ್ತಿಲಿಗೊಂದು ಡೆಕ್ ಬೇಕು ಅನ್ನಿಸುತ್ತದೆ. ಲಂಬರ್ ರಾಶಿಯ ಮುಂದೆ ಹೋಗಿ ನಿಂತರೆ ಆಚಾರ್ರೂ ಇಲ್ಲ, ತೇಗವೂ ಇಲ್ಲ. ಇರುವುದು ಹಸಿರು ಛಾಯೆಯ, ಇನ್ನೂ ಒದ್ದೆ ಆರದ ಪೈನ್. ಹಸಿರಾಗಿದೆ, ಅಂದಮೇಲೆ ಔಷಧಿ ಕುಡಿದಿದೆ, ಎಲ್ಲಿಗೆ ಬೇಕಾದರೂ ಹಾಕಬಹುದು ಅಂದುಕೊಂಡು ಗಾಡಿಗೆ ಏರಿಸುತ್ತೇವೆ. ನಮ್ಮವರು ಎಡವುವುದು ಅಲ್ಲೇ.

ಉಕ್ಕಿನ ಸಿಲಿಂಡರಿನಲ್ಲಿ ಮರ ತುಂಬಿ, ಗಾಳಿ ಹೀರಿ ತೆಗೆದು, ತಾಮ್ರದ ದ್ರಾವಣವನ್ನು ಒತ್ತಡದಿಂದ ಒಳಗೆ ನುಗ್ಗಿಸಿದ್ದೇ ಪ್ರೆಷರ್ ಟ್ರೀಟೆಡ್ ಮರ. ಎಷ್ಟು ನುಗ್ಗಿದೆ ಎಂದು ಬಣ್ಣ ಹೇಳುವುದಿಲ್ಲ. ತುದಿಗೆ ಸ್ಟೇಪಲ್ ಹೊಡೆದ ಚಿಕ್ಕ ಪ್ಲಾಸ್ಟಿಕ್ ಚೀಟಿ ಹೇಳುತ್ತದೆ. ಅದರಲ್ಲಿ ‘ಯುಸಿ3ಬಿ’ ಎಂದಿದ್ದರೆ ನೆಲದಿಂದ ಮೇಲಿನ ಕೆಲಸಕ್ಕೆ ಮಾತ್ರ, ‘ಯುಸಿ4ಎ’ ಎಂದಿದ್ದರೆ ಮಣ್ಣು ತಾಗುವ ಕಡೆಗೆ, ‘ಯುಸಿ4ಬಿ’ ಇನ್ನೂ ಕಠಿಣ ಜಾಗಗಳಿಗೆ. ಸಿಎ-ಸಿ ಎಂಬ ತಾಮ್ರದ ಔಷಧಿಯನ್ನೇ ತೆಗೆದುಕೊಳ್ಳಿ: ಮೇಲಿನ ಕೆಲಸದ ಮರದಲ್ಲಿ ಘನ ಅಡಿಗೆ 0.06 ಪೌಂಡ್, ಮಣ್ಣಿಗಿಳಿಯುವ ಮರದಲ್ಲಿ 0.15. ಎರಡೂವರೆ ಪಟ್ಟು ವ್ಯತ್ಯಾಸ, ಕಣ್ಣಿಗೆ ಎರಡೂ ಒಂದೇ ಹಸಿರು.

ಕಂಬಕ್ಕೆ ಮಾತ್ರ ಯುಸಿ4ಎ ತಂದು ಜಾಯಿಸ್ಟಿಗೆ, ಅಂದರೆ ಮೇಲಿನ ಹಲಗೆ ಹೊರುವ ಅಡ್ಡಮರಕ್ಕೆ, ಕಡಿಮೆ ದರ್ಜೆಯದು ಸಾಕು ಅನ್ನುವ ಉಳಿತಾಯದ ಬುದ್ಧಿ ನಮ್ಮಲ್ಲಿ ಬಲು ಜೋರು. ಡೆಕ್ ನೆಲಕ್ಕೆ ಆರು ಇಂಚಿಗಿಂತ ಹತ್ತಿರವಿದ್ದರೆ, ಕೆಳಗೆ ಗಾಳಿಯಾಡದಿದ್ದರೆ, ಆಮೇಲೆ ಬಿಚ್ಚಿ ಬದಲಿಸುವುದು ಕಷ್ಟವಾದರೆ, ಇವುಗಳಲ್ಲಿ ಒಂದಿದ್ದರೂ ಸಾಕು, ಜಾಯಿಸ್ಟು, ಅದನ್ನು ಹೊರುವ ಬೀಮುಗಳಿಗೂ ಯುಸಿ4ಎ ಬೇಕು. 2016ರಲ್ಲಿ ಎಡಬ್ಲ್ಯುಪಿಎ ಎಂಬ ಅಮೆರಿಕದ ಮರಸಂರಕ್ಷಣೆಯ ಸಂಘ ತನ್ನ ಮಾನದಂಡದಲ್ಲಿ ಇದನ್ನು ಸ್ಪಷ್ಟಪಡಿಸಿತು. ಮೇಲಿನ ಹಲಗೆ ಕೊಳೆತರೆ ಒಂದು ಮಧ್ಯಾಹ್ನದ ಕೆಲಸ, ಜಾಯಿಸ್ಟ್ ಕೊಳೆತರೆ ಡೆಕ್ಕನ್ನೇ ಕಳಚಬೇಕು. ಇನ್ನೊಂದು ಮಾತು: ಬೋರೇಟ್ ಕುಡಿಸಿದ ಮರವೂ ಸಿಗುತ್ತದೆ. ಅದು ಗೆದ್ದಲು ತಡೆಯಲು ಮನೆಯೊಳಗೆ ಹಾಕುವಂಥದ್ದು. ಹೊರಗೆ ಹಾಕಿದರೆ ಮಳೆಗೆ ಔಷಧಿಯೆಲ್ಲ ತೊಳೆದುಹೋಗುತ್ತದೆ.

ಚೀಟಿ ಓದಿದ ಮೇಲೆ ಕಣ್ಣಿಗೆ ಕೆಲಸ. ಹಲಗೆಯ ಒಂದು ತುದಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ. ಅಂಚು ಸ್ವಲ್ಪ ಬಿಲ್ಲಿನಂತೆ ಉಬ್ಬಿದ್ದರೆ ಚಿಂತೆಯಿಲ್ಲ, ಜಾಯಿಸ್ಟ್ ಹಾಕುವಾಗ ಉಬ್ಬು ಮೇಲೆ ಮಾಡಿದರೆ ಭಾರಕ್ಕೆ ಕೂತುಕೊಳ್ಳುತ್ತದೆ. ತಿರುಚಿಕೊಂಡಿದ್ದರೆ ಬಿಟ್ಟುಬಿಡಿ, ತಿರುಚಿದ್ದನ್ನು ಸ್ಕ್ರೂ ನೇರ ಮಾಡುವುದಿಲ್ಲ. ತುದಿಯಲ್ಲಿ ಮರದ ತಿರುಳಿನ ಚುಕ್ಕೆ ಕಂಡರೆ ಅದು ಒಣಗುವಾಗ ಸೀಳುವ, ತಿರುಚುವ ಸಂಭವ ಹೆಚ್ಚು. 4 ಬೈ 4 ಕಂಬಗಳು ಈ ವಿಷಯದಲ್ಲಿ ಕುಖ್ಯಾತ. ಎತ್ತರದ ಡೆಕ್ಕಿಗೆ 6 ಬೈ 6 ಹಾಕಿ.

ಅಳತೆಯಲ್ಲೂ ಮೋಸ ಹೋಗುವವರುಂಟು. 2 ಬೈ 6 ಅಂದರೆ ನಿಜದಲ್ಲಿ ಒಂದೂವರೆ ಇಂಚು ದಪ್ಪ, ಐದೂವರೆ ಅಗಲ. 6 ಬೈ 6 ಕಂಬ ಅಂದರೆ ಪ್ರತಿ ಬದಿಗೂ ಐದೂವರೆ ಇಂಚು. ಹೆಸರು ನಂಬಿ ಲೆಕ್ಕ ಹಾಕಿದರೆ ಹಲಗೆ ಸಾಲುವುದಿಲ್ಲ. ತುಂಡು, ಸೀಳು ಅಂತ ಶೇಕಡಾ 10 ಹೆಚ್ಚು ತನ್ನಿ.

ಒದ್ದೆ ಹಲಗೆಗಳ ನಡುವೆ ಸಂದು ಬಿಟ್ಟು ಹೊಡೆದರೆ ಮುಂದಿನ ಬೇಸಿಗೆಗೆ ಮಕ್ಕಳ ಬಳಪ, ಆಟದ ಕಾರು ಎಲ್ಲ ಕೆಳಗೆ. ಒದ್ದೆ ಹಲಗೆಯನ್ನು ಒತ್ತೊತ್ತಾಗಿ ಹಾಕಿ, ಒಣಗಿದಂತೆ ಸಂದು ತಾನೇ ಬೀಳುತ್ತದೆ. ಚೀಟಿಯಲ್ಲಿ ‘ಕೆಡಿಎಟಿ’ ಎಂದಿದ್ದರೆ ಔಷಧಿ ಕುಡಿಸಿದ ಮೇಲೆ ಒಲೆಯಲ್ಲಿ ಒಣಗಿಸಿದ್ದು ಎಂದರ್ಥ. ಅದಕ್ಕೆ ಮಾತ್ರ ಎಂಟನೇ ಒಂದು ಇಂಚು ಬಿಡಿ. ಅದು ದುಬಾರಿ, ಆದರೆ ಅಷ್ಟಾಗಿ ಡೊಂಕಾಗುವುದಿಲ್ಲ. ಕೊಡುವ ಹಣಕ್ಕೆ ಮೋಸವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮರಕ್ಕೆ ಅಷ್ಟು ಖರ್ಚು ಮಾಡಿ ಸ್ಕ್ರೂಗೆ ಚೌಕಾಸಿ ಮಾಡುವುದಿದೆಯಲ್ಲ, ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಔಷಧಿಯ ತಾಮ್ರ ಸಾದಾ ಜಿಂಕ್ ಲೇಪದ ಸ್ಕ್ರೂವನ್ನು ತಿಂದುಹಾಕುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಜಿಂಕ್‌ನಲ್ಲಿ ಅದ್ದಿದ್ದು) ಅಥವಾ ಟ್ರೀಟೆಡ್ ಮರಕ್ಕೆಂದೇ ಬರೆದದ್ದು ತನ್ನಿ, ಜಾಯಿಸ್ಟನ್ನು ಹಿಡಿದಿಡುವ ಲೋಹದ ಹ್ಯಾಂಗರಿಗೆ ಜಿ185 ಎಂಬ ದಪ್ಪ ಜಿಂಕ್ ಲೇಪ ಇರಲಿ, ಸಮುದ್ರದ ಹತ್ತಿರವಾದರೆ ಸ್ಟೇನ್‌ಲೆಸ್ ಉಕ್ಕು. ಸ್ಟೇನ್‌ಲೆಸ್ ಸ್ಕ್ರೂವನ್ನು ಗ್ಯಾಲ್ವನೈಸ್ಡ್ ಹ್ಯಾಂಗರಿಗೆ ಬೆರೆಸಬೇಡಿ. ನೀರು ಒಳಸೇರದಂತೆ ಹಾಕುವ ತಗಡು, ಅಂದರೆ ಫ್ಲಾಶಿಂಗ್, ಅಲ್ಯೂಮಿನಿಯಂದಾದರೆ ಈ ಮರಕ್ಕೆ ತಾಗಲೇಬಾರದು. ಡೆಕ್ಕನ್ನು ಮನೆಯ ಗೋಡೆಗೆ ಕೂಡಿಸುವ ಲೆಡ್ಜರ್ ಹಲಗೆಯನ್ನು ಬರೀ ಮೊಳೆಯಲ್ಲಿ ಹೊಡೆಯಬೇಡಿ, ಬೋಲ್ಟ್ ಹಾಕಿ. ಡೆಕ್ ಕಳಚಿ ಬೀಳುವುದು ಹೆಚ್ಚಾಗಿ ಈ ಜಾಗದಲ್ಲೇ.

ಗರಗಸ ಹಾಕಿದಲ್ಲೆಲ್ಲ ಔಷಧಿ ಕುಡಿಯದ ಒಳಮರ ಬಯಲಾಗುತ್ತದೆ. ಕಾಪರ್ ನಾಫ್ಥನೇಟ್ ದ್ರಾವಣವನ್ನು ಬ್ರಷ್‌ನಿಂದ ಹಚ್ಚಿ, ಕೊರೆದ ತೂತಿಗೂ. ಕಂಬದ ಕತ್ತರಿಸಿದ ತುದಿ ಮೇಲಿರಲಿ, ಕಾರ್ಖಾನೆಯಿಂದ ಬಂದ ತುದಿ ಮಣ್ಣಿಗೆ. ಬಣ್ಣಕ್ಕೆ ಅವಸರ ಬೇಡ: ನಾಲ್ಕು ಹನಿ ನೀರು ಚಿಮುಕಿಸಿ, ಮುತ್ತಿನಂತೆ ನಿಂತರೆ ಇನ್ನೂ ಕಾಯಿರಿ, ಹೀರಿಕೊಂಡರೆ ಸ್ಟೇನ್ ಹಚ್ಚಿ.

ಪರ್ಮಿಟ್, ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಒಪ್ಪಿಗೆ, ಅಗೆಯುವ ಮೊದಲು ನೆಲದಡಿಯ ಕೊಳವೆ, ತಂತಿಗಳನ್ನು ಗುರುತು ಮಾಡಿಸಲು 811ಕ್ಕೆ ಫೋನ್. ಮಾಡಿ ಮುಗಿಸಿ.

ಹಳೇ ಮನೆ ಕೊಂಡವರು ಒಂದು ವಿಷಯ ಗಮನಿಸಬೇಕು. 2003ರ ಕೊನೆಯವರೆಗೆ ಮನೆಬಳಕೆಗೂ ಸಿಸಿಎ ಎಂಬ ಆರ್ಸೆನಿಕ್ ಇರುವ ಔಷಧಿಯ ಮರ ಬರುತ್ತಿತ್ತು. ಅದಕ್ಕೂ ಹಿಂದಿನ ಡೆಕ್ ಇದ್ದರೆ ಉಜ್ಜಿ ನುಣುಪು ಮಾಡಲು ಹೋಗಬೇಡಿ, ಸ್ಟೇನ್ ಹಚ್ಚಿ ಮುಚ್ಚಿ, ಮಕ್ಕಳು ಆಡಿ ಬಂದ ಮೇಲೆ ಕೈ ತೊಳೆಸಿ, ಆ ಮರವನ್ನು ಸೊಪ್ಪಿನ ಮಡಿಗೆ ಬಳಸಬೇಡಿ. ಈ ಮಕ್ಕಳಿಗೆ ಜಗಲಿ ಅಂದರೆ ಆ ಡೆಕ್ಕೇ. ಸಂಜೆ ಹೊತ್ತು ಕಾಲು ಇಳಿಬಿಟ್ಟು ಕೂರುವುದೂ ಅಲ್ಲೇ, ಅಜ್ಜಿಯ ಜೊತೆ ವಿಡಿಯೋ ಕಾಲ್ ಕೂಡ ಅಲ್ಲಿಂದಲೇ.

ಇನ್ನು ಉಳಿದ ತುಂಡುಗಳು. ಊರಲ್ಲಿ ಮರದ ಚೂರು ಬಚ್ಚಲೊಲೆಗೆ ಹೋಗುತ್ತಿತ್ತು, ಎಸೆಯಲು ಕೈ ಬರುವುದಿಲ್ಲ. ಆದರೂ ಹೊಸದಾಗಲಿ ಹಳೆಯದಾಗಲಿ ಈ ಮರವನ್ನು ಫೈರ್‌ಪಿಟ್ಟಿಗೆ ಹಾಕಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ವಿಷ ಉಳಿಯುತ್ತದೆ. ಕೌಂಟಿಯ ಕಸದ ನಿಯಮ ಕೇಳಿ ಅದರಂತೆ ಸಾಗಹಾಕಿ. ಕೊಯ್ಯುವಾಗ ಮಾಸ್ಕ್ ಹಾಕಿಕೊಂಡು, ಪುಡಿ ಬೀಳುವ ಕಡೆ ಟಾರ್ಪಾಲು ಹಾಸಿರಿ.