ಕೊರಕ ಬಿದ್ದ ಕಾಫಿ ಗಿಡವನ್ನು ಸೌದೆ ಮಾಡುವ ಮುನ್ನ

ಅರೇಬಿಕಾ ಜಾತಿಯ ಕಾಫಿ ತೋಟವಿರುವ ಮನೆಗಳಲ್ಲಿ ಬಚ್ಚಲ ಒಲೆಗೆ ಕಾಫಿ ಗಿಡದ ಕಟ್ಟಿಗೆಯೆಂದರೆ ಎಲ್ಲರಿಗೂ ಪ್ರೀತಿ, ಏಕೆಂದರೆ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹೀಗಾಗಿ ಬಿಳಿ ಕಾಂಡಕೊರಕ, ಅಂದರೆ ಕಾಂಡವನ್ನು ಒಳಗೇ ಕೊರೆದು ಬೆಳೆದು ದುಂಬಿಯಾಗುವ ಹುಳು, ಬಿದ್ದು ಕಿತ್ತ ಗಿಡಗಳನ್ನು ತೋಟದಲ್ಲೇ ಸುಡಲು ಮನಸ್ಸಾಗುವುದಿಲ್ಲ. ನನಗೂ ಆಗುತ್ತಿರಲಿಲ್ಲ. ಮದುವೆಯಾಗಿ ಮೂಡಿಗೆರೆ ಕಡೆಯ ಈ ಮನೆಗೆ ಬಂದ ಹೊಸದರಲ್ಲಿ, ಸೆಪ್ಟೆಂಬರಿನಲ್ಲಿ ಕಿತ್ತ ಗಿಡಗಳನ್ನು ತುಂಡು ಮಾಡಿಸಿ ಕೊಟ್ಟಿಗೆಯಲ್ಲಿ ಒಟ್ಟಿಸಿದ್ದಲ್ಲದೆ, ಒಂದು ಗಾಡಿಯಷ್ಟನ್ನು ನಾದಿನಿಯ ತೋಟದ ಮನೆಗೂ ಕಳುಹಿಸಿದ್ದೆ. ದೀಪಾವಳಿ ಕಳೆದು ಬಿಸಿಲು ಬಿದ್ದ ದಿನ, ಆ ಒಟ್ಟಿಲಿನ ಮೇಲೆ ಕಪ್ಪು ಮೈಗೆ ಬಿಳಿ ಪಟ್ಟೆಯಿರುವ ದುಂಬಿಗಳು ಓಡಾಡುತ್ತಿದ್ದುದನ್ನು ಕಂಡಾಗಲೇ ನಾದಿನಿಯ ಮನೆಗೆ ನಾನು ಕಳುಹಿಸಿದ್ದು ಏನನ್ನು ಎಂಬುದು ಅರ್ಥವಾಯಿತು. ಆ ಸಂಕಟ ಈಗಲೂ ಮನಸ್ಸಿನಲ್ಲಿದೆ.

ಈ ಹುಳು ಕೊರೆದ ಪುಡಿಯನ್ನು ಹೊರಗೆ ಚೆಲ್ಲದೆ ತಾನು ಸಾಗಿದ ಸುರಂಗದೊಳಗೇ ಒತ್ತಿ ತುಂಬುತ್ತದೆ. ಆದ್ದರಿಂದ ದುಂಬಿ ಹೊರಬೀಳುವವರೆಗೆ ತೊಗಟೆಯಲ್ಲಿ ತೂತು ಕಾಣದು, ಕಟ್ಟಿಗೆ ಚೆನ್ನಾಗಿದೆಯೆಂದೇ ತೋರುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆಗಳಿವೆಯೇ ಎಂದು ಕೈಯಾಡಿಸಿ ನೋಡಬೇಕು. ಗಿಡ ಕಿತ್ತರೂ ಒಳಗಿನ ಹುಳು ಸಾಯುವುದಿಲ್ಲ. ಕಟ್ಟಿಗೆ ಒಣಗಿದ ಮೇಲೂ ದುಂಬಿಯಾಗಿ ಹೊರಬಂದು, ಹತ್ತಿರದ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ.

ದುಂಬಿ ಹಾರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹುಳು ಬಿದ್ದ ಗಿಡಗಳನ್ನು ಗುರುತಿಸಿ ಕಿತ್ತು ಅಲ್ಲೇ ಸುಡುವುದು ಎಲ್ಲಕ್ಕಿಂತ ಮೇಲು. ಸೌದೆ ಬೇಕೇ ಬೇಕೆಂದರೆ, ತುಂಡುಗಳನ್ನು ಕೆರೆಯಲ್ಲೋ ತೊಟ್ಟಿಯಲ್ಲೋ ಹತ್ತು ದಿನ ನೆನೆಹಾಕಿ, ಆಮೇಲೆ ಒಣಗಿಸಿ ಒಟ್ಟಬೇಕು. ಕಟ್ಟಿಗೆ ತೇಲುವುದರಿಂದ ಮೇಲೆ ಕಲ್ಲು ಹೇರುವುದನ್ನು ಮರೆಯಬಾರದು. ನೀರಿನಿಂದ ಮೇಲೆದ್ದ ಭಾಗದಲ್ಲಿ ಹುಳು ಉಳಿದುಬಿಡುತ್ತದೆ. ಬರೀ ಬಿಸಿಲಿಗೆ ಒಣಹಾಕಿದರೆ ಸಾಲದು.

ನೆನೆಸದ ಅರೇಬಿಕಾ ಕಟ್ಟಿಗೆಯನ್ನು ತೋಟದ ಕೆಲಸಗಾರರ ಲೈನ್ ಮನೆಗಳಿಗಾಗಲಿ, ನೆಂಟರ ತೋಟಕ್ಕಾಗಲಿ, ಸೌದೆ ಕೊಳ್ಳುವವರಿಗಾಗಲಿ ದಯವಿಟ್ಟು ಕೊಡಬೇಡಿ. ಕೊಳ್ಳುವವರು ನೀವಾದರೆ, ಯಾವ ಗಿಡದ್ದು, ಏಕೆ ಕಿತ್ತದ್ದು ಎಂದು ಸಂಕೋಚವಿಲ್ಲದೆ ಕೇಳಿ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾದ ಕಟ್ಟಿಗೆಗೆ ಈ ಹುಳುವಿನ ಭಯ ಅಷ್ಟಾಗಿ ಇಲ್ಲ. ಕಡಿದ ಜಾಗದಲ್ಲಿ ಉಳಿದ ಬುಡಗಳನ್ನೂ ದಾರಿಯಲ್ಲಿ ಬಿದ್ದ ತುಂಡುಗಳನ್ನೂ ಅದೇ ಸಂಜೆ ಆಯ್ದು ತರಿಸಿ, ನಾನು ಮೊದಲು ಅವನ್ನೇ ಒಲೆಗೆ ಹಾಕಿಸುತ್ತೇನೆ.